ಎಕೋದಲ್ಲಿ ‘ಪಿಎಎಚ್’ ಅಂತ ಬಂದಿದೆಯಾ? ಕಲಬುರಗಿ, ಬೀದರ್, ಯಾದಗಿರಿಯವರು ಮುಂದೆ ಮಾಡಬೇಕಾದ್ದು

ಹೃದಯದ ಸ್ಕ್ಯಾನ್, ಅಂದರೆ ಎಕೋ ಮಾಡಿಸಿಕೊಂಡು ಬಂದಿದ್ದೀರಿ. ರಿಪೋರ್ಟಿನ ಕೊನೇ ಸಾಲಿನಲ್ಲಿ ‘ಸಿವಿಯರ್ ಪಿಎಎಚ್’ ಅಂತಲೋ ‘ಆರ್‌ವಿಎಸ್‌ಪಿ 65’ ಅಂತಲೋ ಇದೆ. ಡಾಕ್ಟರು ‘ಪುಪ್ಪುಸದಾಗ ಬಿಪಿ ಜಾಸ್ತಿ ಆಗ್ಯಾದ, ಬೆಂಗಳೂರಿಗೆ ಇಲ್ಲಾ ಹೈದರಾಬಾದಿಗೆ ಒಯ್ರಿ’ ಅಂದು ಮುಂದಿನ ಪೇಷಂಟನ್ನು ಕರೆದಿದ್ದಾರೆ. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದರೆ ಬರೀ ಎದೆ ಒಡೆಯುವ ಮಾತುಗಳೇ. ಆ ಹೊತ್ತಿನಲ್ಲಿ ಇದನ್ನು ಓದಿ.

ನಾನು ಡಾಕ್ಟರ್ ಅಲ್ಲ. ನಮ್ಮ ಅವ್ವನ ಫೈಲು ಹೊತ್ತು ದವಾಖಾನೆಗಳನ್ನು ತಿರುಗಿದವಳು, ಕಂಡ ಡಾಕ್ಟರುಗಳಿಗೆಲ್ಲ ಪ್ರಶ್ನೆ ಕೇಳಿ ತಲೆ ತಿಂದವಳು. ಗುಳಿಗೆ ಯಾವುದು, ಎಷ್ಟು ಅಂತ ನಿಮ್ಮ ಡಾಕ್ಟರೇ ಹೇಳಬೇಕು. ಅವರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದನ್ನು ಮಾತ್ರ ನಾನು ಹೇಳಬಲ್ಲೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಪುಪ್ಪುಸದ ರಕ್ತನಾಳದಲ್ಲಿ ಒತ್ತಡ ಎಷ್ಟಿದೆ ಅಂತ ಎಕೋ ಹೇಳುತ್ತದೆ, ಅದೂ ಅಂದಾಜಿಗೆ. ಯಾಕೆ ಏರಿತು ಅನ್ನುವುದು ಎಷ್ಟೋ ಸಲ ಅದರಲ್ಲಿ ಪೂರ್ತಿ ಸಿಗುವುದಿಲ್ಲ. ಆದರೆ ಚಿಕಿತ್ಸೆ ಪೂರಾ ನಿಂತಿರುವುದು ಆ ‘ಯಾಕೆ’ ಮೇಲೆ. ಒಬ್ಬರಿಗೆ ಬಲೂನು ಹಾಕಿದರೆ ಮುಗಿಯುತ್ತದೆ, ಇನ್ನೊಬ್ಬರಿಗೆ ಆಪರೇಷನ್ ಬೇಕು, ಮತ್ತೊಬ್ಬರಿಗೆ ಜೀವನಪೂರ್ತಿ ಗುಳಿಗೆ, ಇನ್ನೂ ಒಬ್ಬರಿಗೆ ಅದೇ ಗುಳಿಗೆ ತೊಂದರೆ ಕೊಡುತ್ತದೆ. ಹಾಗಾಗಿ ಕಾರಣ ಸಿಗುವವರೆಗೆ ಬಿಡಬೇಡಿ.

ಇದು ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿಪಿ ಅಲ್ಲ

ನಮ್ಮಲ್ಲಿ ಬಿಪಿ ಅಂದರೆ 120/80. ಅದು ಹೃದಯದ ಎಡಭಾಗ ಮೈಗೆಲ್ಲಾ ರಕ್ತ ದೂಡುವ ಒತ್ತಡ. ಬಲಭಾಗದ ಕೆಲಸ ಬೇರೆ. ಅದು ರಕ್ತವನ್ನು ಪುಪ್ಪುಸಕ್ಕೆ ಮಾತ್ರ ಕಳಿಸುತ್ತದೆ, ಅಲ್ಲಿ ಆಮ್ಲಜನಕ ತುಂಬಿಕೊಂಡು ರಕ್ತ ಎಡಭಾಗಕ್ಕೆ ಬರುತ್ತದೆ. ಪುಪ್ಪುಸದ ದಾರಿಯಲ್ಲಿ ಒತ್ತಡ ತೀರಾ ಕಡಿಮೆ ಇರಬೇಕು, ಸರಾಸರಿ 20ರ ಒಳಗೆ. ಅದನ್ನು ದಾಟಿದರೆ ಪಲ್ಮನರಿ ಹೈಪರ್‌ಟೆನ್ಷನ್, ಚಿಕ್ಕದಾಗಿ ಪಿಎಚ್. ಮೊದಲು ಈ ಗೆರೆ 25ಕ್ಕೆ ಇತ್ತು, 2022ರ ಯುರೋಪಿನ ಮಾರ್ಗಸೂಚಿಯಲ್ಲಿ 20 ಅಂತ ಬಂತು. ಹಳೇ ಬರಹದಲ್ಲಿ 25 ಅಂತ ಕಂಡರೆ ಗಾಬರಿ ಬೇಡ.

ಇನ್ನೊಂದು ಗೊಂದಲ. ಎಕೋದಲ್ಲಿ ಬರುವ ಆರ್‌ವಿಎಸ್‌ಪಿ ಅಂದರೆ ಹೃದಯ ದೂಡಿದ ಹೊತ್ತಿನ ಮೇಲಿನ ಒತ್ತಡ, ಸರಾಸರಿ ಅಲ್ಲ. ಅದಕ್ಕೆ ‘20 ಇರಬೇಕಾದ್ದು 65 ಆಗಿದೆ’ ಅಂತ ಲೆಕ್ಕ ಹಾಕಿ ಅಳುತ್ತ ಕೂರಬೇಡಿ. ಎರಡೂ ಬೇರೆ ಬೇರೆ ಅಳತೆ.

ಹೊಲದ ಬೋರ್ ಮೋಟಾರ್ ನೆನೆಸಿಕೊಳ್ಳಿ. ಪೈಪಿನೊಳಗೆ ಸುಣ್ಣ ಕಟ್ಟಿ ಸಣ್ಣ ಆದರೆ ಮೋಟಾರ್ ಅದೇ ನೀರು ಎತ್ತಲು ಜಾಸ್ತಿ ಒದ್ದಾಡುತ್ತದೆ. ಒಂದಷ್ಟು ದಿನ ತಡೆಯುತ್ತದೆ, ಆಮೇಲೆ ಸುಸ್ತಾಗುತ್ತದೆ. ಹೃದಯದ ಬಲಭಾಗಕ್ಕೆ ಆಗುವುದೂ ಇದೇ. ಮೊದಲು ದಪ್ಪ ಆಗುತ್ತದೆ, ಆಮೇಲೆ ಹಿಗ್ಗುತ್ತದೆ. ಕಾಲು ಬಾವು ಬರುವುದು, ಹೊಟ್ಟೆ ಉಬ್ಬುವುದು, ಕುತ್ತಿಗೆಯ ನರ ಎದ್ದು ಕಾಣುವುದು ಇವೆಲ್ಲ ಆ ಹಂತದ ಗುರುತು.

ತೋಳಿನ ಬಿಪಿ ನಾರ್ಮಲ್ ಇದ್ದರೂ ಇದು ಇರಬಹುದು. ಸಾಮಾನ್ಯ ಬಿಪಿ ಗುಳಿಗೆಯಿಂದ ಇದು ಇಳಿಯುವುದಿಲ್ಲ.

ಗುರುತು ಹಿಡಿಯುವುದು ಯಾಕೆ ತಡವಾಗುತ್ತದೆ

ಶುರುವಿನಲ್ಲಿ ಇರುವುದು ಒಂದೇ ಲಕ್ಷಣ. ನಡೆದರೆ, ಮೆಟ್ಟಿಲು ಹತ್ತಿದರೆ, ಕೊಡ ಎತ್ತಿದರೆ ದಮ್ಮು. ಕೂತರೆ ಸರಿ. ‘ಏನಿಲ್ಲ ಬಿಡ್ರಿ, ರಕ್ತ ಕಮ್ಮಿ ಅದ’ ಅನ್ನುತ್ತಾರೆ. ಇಲ್ಲಾ ಅಸ್ತಮಾ ಅಂತ ಪಂಪು ಕೊಡುತ್ತಾರೆ. ಇಲ್ಲಾ ಗ್ಯಾಸು, ಇಲ್ಲಾ ವಯಸ್ಸು. ಊರಲ್ಲಿ ಸುಸ್ತು ಅಂದರೆ ಸಾಕು, ಎರಡು ಬಾಟಲಿ ಸಲಾಯಿನ್ ಹಚ್ಚಿಬಿಡುತ್ತಾರೆ. ಬಲಭಾಗ ಆಗಲೇ ಸೋತಿದ್ದರೆ ಆ ಎರಡು ಬಾಟಲಿ ನೀರು ಅದರ ಮೇಲೆ ಇನ್ನೂ ಭಾರ ಹೇರಿದ ಹಾಗೆ, ರಾತ್ರಿಗೆ ಬಾವು, ದಮ್ಮು ಜಾಸ್ತಿ ಆಗಬಹುದು. ಪಿಎಚ್ ಇದೆ ಅಂತ ಗೊತ್ತಾದ ಮೇಲೆ ಕಾರಣ ಕೇಳದೆ ಸಲಾಯಿನ್ ಹಚ್ಚಿಸಿಕೊಳ್ಳಬೇಡಿ.

ಹಿಮೋಗ್ಲೋಬಿನ್ ಸರಿ ಇದ್ದೂ ದಮ್ಮು ಹೋಗದಿದ್ದರೆ, ಪಂಪು ಹಾಕಿದರೂ ಫರಕು ಕಾಣದಿದ್ದರೆ, ಇಸಿಜಿ ಮತ್ತು ಎಕೋ ಕೇಳಿ ಮಾಡಿಸಿ. ಜೋರಾಗಿ ನಡೆಯುವಾಗ ಇಲ್ಲಾ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದಿದ್ದರೆ ನಾಳೆ ನಾಡಿದ್ದು ಅನ್ನಬೇಡಿ. ಪಿಎಚ್‌ನಲ್ಲಿ ಕೆಲಸ ಮಾಡುವಾಗ ಪ್ರಜ್ಞೆ ತಪ್ಪುವುದು ಕೆಟ್ಟ ಗುರುತು.

ಐದು ಗುಂಪು: ನಿಮ್ಮವರು ಯಾವುದರಲ್ಲಿ?

ಡಾಕ್ಟರುಗಳು ಕಾರಣ ನೋಡಿ ಪಿಎಚ್ ಅನ್ನು ಐದು ಗುಂಪು ಮಾಡಿದ್ದಾರೆ. ‘ಸಾರ್, ಇದು ಯಾವ ಗುಂಪಿನದು?’ ಈ ಒಂದು ಪ್ರಶ್ನೆ ಬಾಯಿಪಾಠ ಮಾಡಿಕೊಂಡು ಹೋಗಿ.

ಒಂದನೇ ಗುಂಪಿನಲ್ಲಿ ಪುಪ್ಪುಸದ ಸಣ್ಣ ರಕ್ತನಾಳಗಳೇ ದಪ್ಪ ಆಗಿ ಸಣ್ಣಗಾಗುತ್ತವೆ. ನಿಜವಾದ ಪಿಎಎಚ್ (ಪಲ್ಮನರಿ ಆರ್ಟೀರಿಯಲ್ ಹೈಪರ್‌ಟೆನ್ಷನ್) ಅಂದರೆ ಇದು ಮಾತ್ರ. ಆದರೆ ನಮ್ಮ ಕಡೆ ಎಕೋ ರಿಪೋರ್ಟಿನಲ್ಲಿ ಒತ್ತಡ ಯಾವ ಕಾರಣಕ್ಕೆ ಏರಿದ್ದರೂ ಪಿಎಎಚ್ ಅಂತಲೇ ಬರೆಯುವ ರೂಢಿ ಇದೆ, ಹಾಗಾಗಿ ಅದನ್ನು ನೋಡಿ ಒಂದನೇ ಗುಂಪು ಅಂತ ತೀರ್ಮಾನ ಮಾಡಬೇಡಿ. ಈ ಗುಂಪು ಅಪರೂಪ. ಕೆಲವರಿಗೆ ಕಾರಣವೇ ಸಿಗುವುದಿಲ್ಲ, ಅಂಥವರಲ್ಲಿ ಹೆಂಗಸರೇ ಜಾಸ್ತಿ. ಕೆಲವರಿಗೆ ವಂಶದಲ್ಲಿ ಬರುತ್ತದೆ. ಸ್ಕ್ಲೆರೋಡರ್ಮಾ, ಲೂಪಸ್ ಥರದ ಕಾಯಿಲೆ ಇದ್ದವರಿಗೂ ಬರುತ್ತದೆ. ಚಳಿಯಲ್ಲಿ ಬೆರಳು ಬೆಳ್ಳಗೆ, ನೀಲಿ ಆಗುತ್ತವೆ, ಚರ್ಮ ಬಿಗಿಯಾಗುತ್ತಿದೆ ಅಂದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಲಿವರ್ ಕಾಯಿಲೆ, ಎಚ್‌ಐವಿ ಕೂಡ ಕಾರಣ ಆಗಬಹುದು, ಅದಕ್ಕೇ ಎಚ್‌ಐವಿ ಟೆಸ್ಟ್ ಬರೆಯುತ್ತಾರೆ. ಮುಖ ಸಣ್ಣ ಮಾಡಿಕೊಳ್ಳಬೇಡಿ, ಎಲ್ಲರಿಗೂ ಬರೆಯುವ ಟೆಸ್ಟ್ ಅದು.

ಹುಟ್ಟಿನಿಂದ ಹೃದಯದಲ್ಲಿ ತೂತು ಇದ್ದು ಚಿಕ್ಕಂದಿನಲ್ಲಿ ಮುಚ್ಚಿಸದೇ ಬಿಟ್ಟವರೂ ಇದೇ ಗುಂಪಿಗೆ ಬರುತ್ತಾರೆ. ವರ್ಷಗಟ್ಟಲೆ ಜಾಸ್ತಿ ರಕ್ತ ಹರಿದು ಪುಪ್ಪುಸದ ನಾಳ ಕೆಟ್ಟು, ಕೊನೆಗೆ ರಕ್ತ ಉಲ್ಟಾ ಹರಿದು ತುಟಿ, ಉಗುರು ನೀಲಿಯಾಗುತ್ತದೆ. ಆ ಹಂತಕ್ಕೆ ಹೋದ ಮೇಲೆ ತೂತು ಮುಚ್ಚುವುದೇ ಅಪಾಯ. ‘ಆಪರೇಷನ್ ಯಾಕೆ ಮಾಡಲ್ಲ, ರೊಕ್ಕ ಕೊಡ್ತೀವಿ’ ಅಂತ ಡಾಕ್ಟರ ಮೇಲೆ ಸಿಟ್ಟು ಮಾಡುವವರನ್ನು ನೋಡಿದ್ದೇನೆ. ಮನೆಯಲ್ಲಿ ಮಗುವಿಗೆ ತೂತು ಇದೆ ಅಂತ ಗೊತ್ತಾಗಿದ್ದರೆ ‘ದೊಡ್ಡವಳಾದ ಮೇಲೆ ನೋಡೋಣ’ ಅಂತ ನೀವೇ ನಿರ್ಧಾರ ಮಾಡಬೇಡಿ. ಮುಚ್ಚಬೇಕಾ, ಯಾವಾಗ ಅಂತ ಮಕ್ಕಳ ಹೃದಯದ ಡಾಕ್ಟರೇ ಹೇಳಲಿ. ಅಂಗನವಾಡಿ, ಶಾಲೆಗೆ ಬರುವ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡದ ಕಡೆಯಿಂದ 18 ವರ್ಷದೊಳಗಿನ ಮಕ್ಕಳಿಗೆ ಪುಕ್ಕಟೆ ಚಿಕಿತ್ಸೆಗೆ ದಾರಿ ಇದೆ.

ಎರಡನೇ ಗುಂಪು ಎಡಭಾಗದ ತೊಂದರೆಯಿಂದ. ಎಲ್ಲಕ್ಕಿಂತ ಜಾಸ್ತಿ ಜನ ಇರುವುದು ಇದರಲ್ಲೇ. ಪೈಪು ಚೆನ್ನಾಗಿದೆ, ಮುಂದಿನ ಗೇಟು ಕೂತುಬಿಟ್ಟಿದೆ, ಒತ್ತಡ ಹಿಂದಕ್ಕೆ ಬರುತ್ತಿದೆ. ನಮ್ಮ ಕಡೆ ಇದರಲ್ಲಿ ಮರೆಯಬಾರದ ಹೆಸರು ಮೈಟ್ರಲ್ ಸ್ಟೆನೋಸಿಸ್, ಅಂದರೆ ಎಡಭಾಗದ ಒಂದು ವಾಲ್ವ್ ಕಿರಿದಾಗುವುದು. ಚಿಕ್ಕಂದಿನಲ್ಲಿ ಗಂಟಲು ನೋವು, ಆಮೇಲೆ ಜ್ವರ, ಕೀಲು ನೋವು ಬಂದು ಹೋಗಿರುತ್ತದೆ, ಯಾರಿಗೂ ನೆನಪಿರುವುದಿಲ್ಲ. ಅದು ಸದ್ದಿಲ್ಲದೆ ವಾಲ್ವ್ ಕೆಡಿಸಿ ಎಷ್ಟೋ ವರ್ಷದ ಮೇಲೆ ದಮ್ಮಾಗಿ ಕಾಣಿಸಿಕೊಳ್ಳುತ್ತದೆ. ವಾಲ್ವ್ ತಕ್ಕ ಹಾಗಿದ್ದರೆ ತೊಡೆಯ ನರದಿಂದ ಬಲೂನು ಕಳಿಸಿ ಅಗಲ ಮಾಡುತ್ತಾರೆ, ಬಿಎಂವಿ ಅನ್ನುತ್ತಾರೆ. ಬೆಂಗಳೂರಿನ ಜಯದೇವ ಆಸ್ಪತ್ರೆ ಇದರಲ್ಲಿ ತುಂಬಾ ಹೆಸರು ಮಾಡಿದೆ. ಬಲೂನು ಆದ ಮೇಲೆ ಎಷ್ಟೋ ಜನರ ಪುಪ್ಪುಸದ ಒತ್ತಡ ತಾನೇ ಇಳಿಯುತ್ತದೆ. ಅಂಥವರಿಗೆ ಬಲೂನು ಬಿಟ್ಟು ಬರೀ ಪಿಎಚ್ ಗುಳಿಗೆ ಕೊಟ್ಟರೆ ಏನು ಬಂತು? ಹೀಗೆ ಗಂಟಲು ನೋವಿನ ನಂತರ ವಾಲ್ವ್ ಕೆಡಿಸುವ ರುಮ್ಯಾಟಿಕ್ ಕಾಯಿಲೆ ಇದ್ದವರಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಬರೆದಿದ್ದರೆ ಅದನ್ನೂ ತಪ್ಪಿಸಬಾರದು.

ಮೂರನೇ ಗುಂಪು ಪುಪ್ಪುಸದ ಕಾಯಿಲೆಯಿಂದ. ಬೀಡಿ, ಹಳೇ ಟಿಬಿ ಬಿಟ್ಟುಹೋದ ಗಾಯ, ರಾತ್ರಿ ಗೊರಕೆ ಹೊಡೆಯುತ್ತ ಉಸಿರು ನಿಲ್ಲುವುದು, ಇವೆಲ್ಲ ಇದರಲ್ಲಿ. ಒಲೆಯ ಹೊಗೆಯೂ ಸೇರಿಸಿ. ಮನೆಗೆ ಗ್ಯಾಸು ಬಂದಿರುತ್ತದೆ, ಆದರೆ ರೊಟ್ಟಿ ಮಾತ್ರ ತೊಗರಿ ಕಟ್ಟಿಗೆ ಒಲೆ ಮೇಲೆಯೇ ಆಗಬೇಕು ನಮಗೆ, ಅಲ್ವಾ? ಬೀಡಿ ಮುಟ್ಟದ ಅವ್ವಂದಿರಿಗೂ ಸಿಒಪಿಡಿ (ಉಸಿರಿನ ದಾರಿ ಕಿರಿದಾಗುವ ಕಾಯಿಲೆ) ಬರುವುದಕ್ಕೆ ಅದೊಂದು ಕಾರಣ. ಶಹಾಬಾದ ಕಲ್ಲಿನ ಗಣಿ, ಪಾಲಿಶ್, ಕಲ್ಲು ಕೊರೆಯುವ ಕೆಲಸ ಮಾಡಿದ್ದರೆ ಧೂಳಿನ ವಿಷಯ ಬಾಯಿಬಿಟ್ಟು ಹೇಳಿ. ಎಷ್ಟು ವರ್ಷ, ಯಾವ ಕೆಲಸ ಅಂತ. ಡಾಕ್ಟರು ಕೇಳದೆ ಇದ್ದರೂ ಹೇಳಿ.

ನಾಲ್ಕನೇ ಗುಂಪಿನ ಮೇಲೆ ನನಗೆ ಸ್ವಲ್ಪ ಜಾಸ್ತಿ ಹಟ, ಯಾಕೆಂದರೆ ಬಿಟ್ಟುಹೋಗುವುದು ಇದೇ, ಆದರೆ ಆಪರೇಷನ್ನಿಂದ ಪೂರಾ ವಾಸಿಯಾಗುವ ಅವಕಾಶ ಇದಕ್ಕಿದೆ. ಕಾಲಿನ ನರದಲ್ಲಿ ಕಟ್ಟಿದ ರಕ್ತದ ಗಡ್ಡೆ ಮೇಲೆ ಹೋಗಿ ಪುಪ್ಪುಸದಲ್ಲಿ ಸಿಕ್ಕಿಕೊಂಡು, ಕರಗದೆ ಗಟ್ಟಿಯಾಗಿ ನಾಳದ ಗೋಡೆಗೆ ಅಂಟಿಕೊಂಡುಬಿಡುತ್ತದೆ. ಸಿಟಿಇಪಿಎಚ್ ಅನ್ನುತ್ತಾರೆ. ಹಿಂದೆ ಕಾಲು ಒಂದೇ ಕಡೆ ಊದಿತ್ತಾ, ಆಪರೇಷನ್ ಆಗಿ ಬಹಳ ದಿನ ಹಾಸಿಗೆ ಹಿಡಿದಿದ್ದರಾ, ಪುಪ್ಪುಸದಲ್ಲಿ ಗಡ್ಡೆ ಅಂತ ಯಾರಾದರೂ ಹೇಳಿದ್ದರಾ, ನೆನಪು ಮಾಡಿಕೊಳ್ಳಿ. ಇದ್ಯಾವುದೂ ಇಲ್ಲದೆಯೂ ಬರಬಹುದು. ಇದನ್ನು ತಳ್ಳಿಹಾಕಲು ವಿ/ಕ್ಯೂ ಸ್ಕ್ಯಾನ್ (ಪುಪ್ಪುಸದಲ್ಲಿ ಗಾಳಿ, ರಕ್ತ ಎಲ್ಲೆಲ್ಲಿ ಹೋಗುತ್ತದೆ ಅಂತ ನೋಡುವುದು) ಒಳ್ಳೇ ಟೆಸ್ಟ್. ಅದು ನಾರ್ಮಲ್ ಬಂದರೆ ಈ ಗುಂಪು ಇಲ್ಲ ಅಂತ ಹೆಚ್ಚುಕಮ್ಮಿ ಖಾತ್ರಿ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಬೇಕಾದ ಟೆಸ್ಟ್ ಇದು, ಬೆಂಗಳೂರು, ಹೈದರಾಬಾದಿನಲ್ಲಿ ಸಿಗುತ್ತದೆ. ‘ನಮ್ಮವರಿಗೆ ವಿ/ಕ್ಯೂ ಸ್ಕ್ಯಾನ್ ಬೇಕಾ?’ ಅಂತ ಕೇಳಿ, ಬೇಡ ಅಂದರೆ ಯಾಕೆ ಬೇಡ ಅಂತಲೂ ಕೇಳಿ.

ಗಡ್ಡೆ ದೊಡ್ಡ ನಾಳದಲ್ಲಿದ್ದರೆ ಎದೆ ತೆರೆದು ಒಳಗಿನ ಪೊರೆ ಸಮೇತ ಕಿತ್ತು ತೆಗೆಯುವ ಆಪರೇಷನ್ ಇದೆ, ಎಂಡಾರ್ಟರೆಕ್ಟಮಿ ಅಂತ. ಮೈಯನ್ನು ಸುಮಾರು 20 ಡಿಗ್ರಿಗೆ ತಣ್ಣಗೆ ಮಾಡಿ, ರಕ್ತ ಓಡಾಟವನ್ನೇ ಆಗಾಗ ಸ್ವಲ್ಪ ಹೊತ್ತು ನಿಲ್ಲಿಸಿ ಮಾಡುವ ಕೆಲಸ, ಎಲ್ಲ ಹೃದಯದ ಸರ್ಜನ್ನರೂ ಮಾಡುವಂಥದ್ದಲ್ಲ. ಬೆಂಗಳೂರಿನ ಬೊಮ್ಮಸಂದ್ರದ ನಾರಾಯಣ ಆಸ್ಪತ್ರೆಯಲ್ಲಿ ಇದನ್ನು ಮಾಡುತ್ತಾರೆ. ಆಪರೇಷನ್ ಆಗದವರಿಗೆ ಬಲೂನಿನ ದಾರಿ ಇದೆ, ರಿಯೋಸಿಗ್ವಾಟ್ ಅನ್ನುವ ಗುಳಿಗೆ ಇದೆ. ರಕ್ತ ತೆಳು ಮಾಡುವ ಗುಳಿಗೆ ಮಾತ್ರ ಜೀವನಪೂರ್ತಿ.

ಐದನೇ ಗುಂಪು ಮಿಕ್ಕದ್ದೆಲ್ಲ. ಡಯಾಲಿಸಿಸ್‌ನಲ್ಲಿ ಇರುವವರು, ಸಾರ್ಕಾಯಿಡೋಸಿಸ್ ಇದ್ದವರು, ಹೀಗೆ.

ಎಲ್ಲಿಂದ ಶುರು ಮಾಡುವುದು

ಸೀದಾ ಬೆಂಗಳೂರಿನ ರೈಲು ಹತ್ತಬೇಡಿ. ಅರ್ಧ ಕೆಲಸ ಇಲ್ಲೇ ಆಗುತ್ತದೆ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಇದೆ, ಮೊದಲು ಜಿಮ್ಸ್ ಕಟ್ಟಡದಲ್ಲಿತ್ತು, 2024ರ ಡಿಸೆಂಬರಿನಲ್ಲಿ 371 ಹಾಸಿಗೆಯ ಸ್ವಂತ ಕಟ್ಟಡ ಆಯಿತು (371ನೇ ಜೆ ವಿಧಿಯ ಲೆಕ್ಕದಲ್ಲೇ ಹಾಸಿಗೆ ಇಟ್ಟರು, ಅದೊಂದು ಚೆಂದ). ಹೃದಯದ ಡಾಕ್ಟರಿಂದ ಸರಿಯಾಗಿ ಮತ್ತೊಮ್ಮೆ ಎಕೋ ಮಾಡಿಸುವುದು ಮೊದಲ ಹೆಜ್ಜೆ. ಎಡಭಾಗ ಹೇಗಿದೆ, ವಾಲ್ವ್ ಹೇಗಿದೆ, ತೂತು ಇದೆಯಾ, ಬಲಭಾಗ ಎಷ್ಟು ಹಿಗ್ಗಿದೆ, ಇದೆಲ್ಲ ರಿಪೋರ್ಟಿನಲ್ಲಿ ಬರಬೇಕು. ಟಿಆರ್ ವೇಗ (ಬಲಭಾಗದ ವಾಲ್ವ್‌ನಿಂದ ರಕ್ತ ಹಿಂದಕ್ಕೆ ಸೋರುವ ವೇಗ) ಸೆಕೆಂಡಿಗೆ 2.8 ಮೀಟರಿಗಿಂತ ಕಡಿಮೆ ಇದ್ದು ಬೇರೆ ಗುರುತು ಇಲ್ಲದಿದ್ದರೆ ಪಿಎಚ್ ಇರುವ ಸಂಭವ ಕಡಿಮೆ, 3.4 ದಾಟಿದ್ದರೆ ಜಾಸ್ತಿ.

ಬೀದರ್‌ನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್, ಕಲಬುರಗಿಯಲ್ಲಿ ಜಿಮ್ಸ್, ಇಎಸ್‌ಐ ಕಾರ್ಡಿದ್ದರೆ ಇಎಸ್‌ಐಸಿ ಮೆಡಿಕಲ್ ಕಾಲೇಜು. ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ, ಥೈರಾಯ್ಡ್, ಲಿವರ್, ಹೊಟ್ಟೆಯ ಸ್ಕ್ಯಾನು ಇಂಥವು ಊರ ಹತ್ತಿರವೇ ಮಾಡಿಸಿ. ಪುಪ್ಪುಸದ ಡಾಕ್ಟರನ್ನೂ ಒಮ್ಮೆ ಕಾಣಿ, ಊದುವ ಟೆಸ್ಟ್ ಅಂದರೆ ಪಿಎಫ್‌ಟಿ ಮಾಡಿಸಿ. ಮೂರನೇ ಗುಂಪು ಹೌದೋ ಅಲ್ಲವೋ ಅನ್ನುವುದು ಅಲ್ಲೇ ಬಹಳಷ್ಟು ಗೊತ್ತಾಗುತ್ತದೆ.

ಆರು ನಿಮಿಷದ ನಡಿಗೆ ಟೆಸ್ಟ್ ಅಂತ ಒಂದಿದೆ. ದವಾಖಾನೆಯ ವರಾಂಡದಲ್ಲಿ ನಡೆಸಿ, ಎಷ್ಟು ಮೀಟರ್ ನಡೆದರು, ಆಕ್ಸಿಜನ್ ಎಷ್ಟಕ್ಕೆ ಇಳಿಯಿತು ಅಂತ ನೋಡುತ್ತಾರೆ. ಔಷಧ ಕೆಲಸ ಮಾಡುತ್ತಿದೆಯಾ ಅಂತ ಆಮೇಲೆ ತಾಳೆ ನೋಡಲು ಈ ಅಳತೆ ಬೇಕು. ಮನೆಯಲ್ಲಿ ಒಬ್ಬರೇ ಇದನ್ನು ಪ್ರಯತ್ನ ಮಾಡಬೇಡಿ.

ಇಷ್ಟರಲ್ಲಿ ಎರಡು, ಮೂರನೇ ಗುಂಪು ಅಂತ ಖಾತ್ರಿ ಆದರೆ ಎಷ್ಟೋ ಜನರಿಗೆ ಚಿಕಿತ್ಸೆ ಇಲ್ಲಿಯೇ ನಡೆಯುತ್ತದೆ. ಒಂದು ಅಥವಾ ನಾಲ್ಕನೇ ಗುಂಪಿನ ಅನುಮಾನ ಇದ್ದರೆ, ಕಾರಣವೇ ಸಿಗದಿದ್ದರೆ, ಇಲ್ಲಾ ಪುಪ್ಪುಸ, ಎಡಭಾಗದ ತೊಂದರೆ ಸಣ್ಣದಿದ್ದೂ ಒತ್ತಡ ವಿಪರೀತ ಇದ್ದರೆ ಆಗ ಹೊರಗೆ ಹೋಗಲೇಬೇಕು.

ಕ್ಯಾತೆಟರ್ ಟೆಸ್ಟಿಗೆ ಹೆದರಬೇಡಿ

‘ಆಂಜಿಯೋಗ್ರಾಂ ಆಗಿದೆಯಲ್ಲ, ಮತ್ತೆ ಯಾಕೆ?’ ಇದು ಎಲ್ಲರೂ ಕೇಳುವ ಪ್ರಶ್ನೆ. ಆಂಜಿಯೋಗ್ರಾಂ ಹೃದಯಕ್ಕೆ ರಕ್ತ ಕೊಡುವ ನಾಳ ನೋಡುತ್ತದೆ. ಇಲ್ಲಿ ಬೇಕಾದ್ದು ಬಲಭಾಗದ ಕ್ಯಾತೆಟರೈಸೇಷನ್. ಕುತ್ತಿಗೆ ಅಥವಾ ತೊಡೆಯ ನರದಿಂದ ಸಣ್ಣ ನಳಿಗೆ ಕಳಿಸಿ ಪುಪ್ಪುಸದ ನಾಳದ ಒತ್ತಡವನ್ನು ನೇರವಾಗಿ ಅಳೆಯುತ್ತಾರೆ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಸೂಜಿ, ಎಚ್ಚರವಾಗೇ ಇರುತ್ತೀರಿ. ಎಕೋದ ಅಂದಾಜು ಹೆಚ್ಚೂ ಬರಬಹುದು, ಕಡಿಮೆಯೂ ಬರಬಹುದು. ಒಂದನೇ ಗುಂಪಿನ ಗುಳಿಗೆ ಶುರು ಮಾಡುವ ಮೊದಲು ಈ ಟೆಸ್ಟ್ ಆಗಬೇಕು ಅನ್ನುವುದೇ ನಿಯಮ.

ಇದರಲ್ಲಿ ಮೂರು ಅಂಕಿ ಮುಖ್ಯ. ಸರಾಸರಿ ಒತ್ತಡ, ಎಡಭಾಗದ ಒತ್ತಡ ತೋರಿಸುವ ವೆಡ್ಜ್ (15 ದಾಟಿದ್ದರೆ ಎಡಭಾಗದ ಕಡೆ ನೋಡಬೇಕು), ಮತ್ತೆ ನಾಳದ ಅಡ್ಡಿ ಹೇಳುವ ಪಿವಿಆರ್ (2 ವುಡ್ ಯೂನಿಟ್ ದಾಟಿದ್ದರೆ ಜಾಸ್ತಿ). ಕಾರಣ ಸಿಗದ ಪಿಎಎಚ್‌ನವರಿಗೆ ಅದೇ ಹೊತ್ತಿಗೆ ಒಂದು ಔಷಧ ಕೊಟ್ಟು ಒತ್ತಡ ಇಳಿಯುತ್ತದಾ ಅಂತಲೂ ನೋಡುತ್ತಾರೆ. ಚೆನ್ನಾಗಿ ಇಳಿದರೆ ಕಡಿಮೆ ರೊಕ್ಕದ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಗುಳಿಗೆಯಲ್ಲೇ ಸಾಗಬಹುದು, ಆದರೆ ಅಂಥ ಅದೃಷ್ಟ ಕೆಲವರಿಗೆ ಮಾತ್ರ. ಈ ಟೆಸ್ಟ್ ಮಾಡದೆ ಅಂದಾಜಿಗೆ ಆ ಗುಳಿಗೆ ತಗೊಳ್ಳುವುದು ಅಪಾಯ.

ಗುಳಿಗೆಗಳು, ಮತ್ತೆ ಮೆಡಿಕಲ್ ಅಂಗಡಿಯ ನಗು

ಒಂದನೇ ಗುಂಪಿನವರಿಗೆ ಸಾಮಾನ್ಯವಾಗಿ ಬರೆಯುವುದು ಸಿಲ್ಡೆನಾಫಿಲ್ ಅಥವಾ ಟಡಲಾಫಿಲ್. ಜೊತೆಗೆ ಬೋಸೆಂಟಾನ್, ಆಂಬ್ರಿಸೆಂಟಾನ್, ಮ್ಯಾಸಿಟೆಂಟಾನ್ ಇವುಗಳಲ್ಲಿ ಒಂದು. ಈಗ ಎಷ್ಟೋ ಜನರಿಗೆ ಶುರುವಿನಿಂದಲೇ ಎರಡು ಜಾತಿಯ ಗುಳಿಗೆ ಕೂಡಿಸಿ ಕೊಡುತ್ತಾರೆ. ಸಿಲ್ಡೆನಾಫಿಲ್ ಅಂದರೆ ವಯಾಗ್ರಾದಲ್ಲಿರುವ ಔಷಧವೇ. ಮೊದಲು ಎದೆನೋವಿಗೆ ಅಂತ ಹುಡುಕಿದ್ದು, 1998ರಲ್ಲಿ ಗಂಡಸರ ಗುಳಿಗೆಯಾಗಿ ಬಂತು, 2005ರಲ್ಲಿ ಅಮೆರಿಕದಲ್ಲಿ ಪುಪ್ಪುಸದ ಒತ್ತಡಕ್ಕೂ ಒಪ್ಪಿಗೆ ಸಿಕ್ಕಿತು. ಪುಪ್ಪುಸದ ನಾಳ ಸಡಿಲ ಮಾಡುತ್ತದೆ, ಅಷ್ಟೇ. ಹೆಂಗಸರಿಗೂ ಕೊಡುತ್ತಾರೆ, ಮಕ್ಕಳಿಗೂ ಕೊಡುತ್ತಾರೆ. ಅವ್ವನ ಚೀಟಿ ಕೊಟ್ಟಾಗ ಕೌಂಟರಿನ ಹುಡುಗ ಒಮ್ಮೆ ಚೀಟಿ, ಒಮ್ಮೆ ನನ್ನ ಮುಖ ನೋಡಿ ನಕ್ಕಿದ್ದ. ‘ಪುಪ್ಪುಸದ ಬಿಪಿ ಗುಳಿಗಿ ಅದು, 20 ಮಿಲಿಗ್ರಾಂ ಕೊಡಪ್ಪ’ ಅಂತ ಜೋರಾಗಿ ಹೇಳಿದೆ, ಸುಮ್ಮನಾದ. ನಾಚಿಕೆಗೆ ಗುಳಿಗೆ ಬಿಟ್ಟ ಹೆಂಗಸರಿದ್ದಾರೆ, ಅದಕ್ಕೇ ಬರೆದೆ. 50, 100ರ ಗುಳಿಗೆ ತಂದು ನೀವೇ ಮುರಿದು ಲೆಕ್ಕ ಮಾಡಬೇಡಿ.

ಈಗ ಇದನ್ನು ಎರಡು ಸಲ ಓದಿ. ಸಿಲ್ಡೆನಾಫಿಲ್, ಟಡಲಾಫಿಲ್ ಅಥವಾ ರಿಯೋಸಿಗ್ವಾಟ್ ತಗೊಳ್ಳುವವರಿಗೆ ಸಾರ್ಬಿಟ್ರೇಟ್ ಕೊಡಬಾರದು. ಎದೆ ನೋವು ಅಂದ ಕೂಡಲೇ ಪಕ್ಕದ ಮನೆಯ ಕಾಕಾ ತಮ್ಮ ಕಿಸೆಯಿಂದ ಸಾರ್ಬಿಟ್ರೇಟ್ ತೆಗೆದು ನಾಲಿಗೆ ಕೆಳಗೆ ಇಟ್ಟುಬಿಡುತ್ತಾರೆ, ಒಳ್ಳೇ ಮನಸ್ಸಿನಿಂದಲೇ. ಎರಡೂ ಸೇರಿದರೆ ಮೈಯ ಬಿಪಿ ದಿಢೀರನೆ ಕುಸಿಯುತ್ತದೆ, ಜೀವಕ್ಕೇ ಅಪಾಯ. ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ, ಮನೆಯವರಿಗೆಲ್ಲ ಹೇಳಿಡಿ, 108 ಬಂದಾಗ ಮೊದಲು ಇದನ್ನೇ ಹೇಳಿ. ರಿಯೋಸಿಗ್ವಾಟ್ ಮತ್ತು ಸಿಲ್ಡೆನಾಫಿಲ್ ಕೂಡ ಒಟ್ಟಿಗೆ ಆಗುವುದಿಲ್ಲ.

ಬೋಸೆಂಟಾನ್ ಶುರು ಮಾಡಿದರೆ ತಿಂಗಳಿಗೊಮ್ಮೆ ಲಿವರ್ ಟೆಸ್ಟ್ ಬೇಕು, ಅದನ್ನು ಊರಲ್ಲೇ ಮಾಡಿಸಿ ರಿಪೋರ್ಟ್ ವಾಟ್ಸಾಪ್ ಮಾಡಬಹುದಾ ಅಂತ ಕೇಳಿಕೊಳ್ಳಿ. ಬಾವು ಇಳಿಸಲು ಮೂತ್ರದ ಗುಳಿಗೆ ಕೊಡುತ್ತಾರೆ. ಯಾವ ಗುಳಿಗೆಯನ್ನೂ ‘ಈಗ ಆರಾಮ ಆಗಿದೆ’ ಅಂತ ನಿಲ್ಲಿಸಬಾರದು. ಕೆಲವನ್ನು ತಟ್ಟನೆ ನಿಲ್ಲಿಸಿದರೆ ಒತ್ತಡ ಮತ್ತೆ ಜಿಗಿಯುತ್ತದೆ. ಆಂಬ್ರಿಸೆಂಟಾನ್ ಥರದ್ದು ತಾಲೂಕಿನ ಅಂಗಡಿಯಲ್ಲಿ ಕೂಡಲೇ ಸಿಗದೇ ಇರಬಹುದು, ಹತ್ತು ದಿನದ್ದು ಉಳಿದಿರುವಾಗಲೇ ಆರ್ಡರ್ ಹೇಳಿ. ಒಂದೇ ಔಷಧವನ್ನು ನಮ್ಮ ದೇಶದ ಹಲವು ಕಂಪನಿಗಳು ಮಾಡುತ್ತವೆ, ಬೆಲೆಯಲ್ಲಿ ಬಹಳ ಫರಕು ಇರುತ್ತದೆ. ಕಡಿಮೆ ಬೆಲೆಯದ್ದು ಬರೆದುಕೊಡಿ ಅಂತ ಡಾಕ್ಟರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಎರಡನೇ ಗುಂಪಿನವರಿಗೆ, ಅಂದರೆ ಎಡಭಾಗದ ತೊಂದರೆಯವರಿಗೆ, ಈ ಗುಳಿಗೆಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಬರೀ ಎಕೋ ನೋಡಿ ಯಾರಾದರೂ ಸಿಲ್ಡೆನಾಫಿಲ್ ಬರೆದರೆ ‘ಯಾವ ಗುಂಪು ಅಂತ ಖಾತ್ರಿ ಆಯ್ತಾ ಸಾರ್?’ ಅಂತ ಕೇಳಿ.

ಬೆಂಗಳೂರಾ, ಹೈದರಾಬಾದಾ?

ಬೀದರ್‌ನವರಿಗೆ ಹೈದರಾಬಾದ್ ಸುಮಾರು 140 ಕಿಲೋಮೀಟರ್, ಕಲಬುರಗಿಯಿಂದ 220 ಆಸುಪಾಸು. ಬೆಂಗಳೂರು ಅಂದರೆ ಒಂದು ರಾತ್ರಿಯ ಪ್ರಯಾಣ. ದೂರ ನೋಡಿದರೆ ಹೈದರಾಬಾದ್ ಸರಿ, ಅಲ್ಲಿ ಪಂಜಗುಟ್ಟದ ನಿಮ್ಸ್ ಆಸ್ಪತ್ರೆ ಇದೆ. ಆದರೆ ಕಾರ್ಡಿನ ವಿಷಯ ಬಂದರೆ ಲೆಕ್ಕ ಬೇರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದಕ್ಕೇ ಜಿಮ್ಸ್, ಬ್ರಿಮ್ಸ್, ಯಿಮ್ಸ್‌ನಿಂದ ಶುರು ಮಾಡಿ ಅಂದದ್ದು. ಬೇರೆ ರಾಜ್ಯದಲ್ಲಿ ಕಾರ್ಡ್ ನಡೆಯುತ್ತದಾ ಅಂತ ಆ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿಗೆ ಮೊದಲೇ ಫೋನ್ ಮಾಡಿ ಕೇಳಿ. ಆರೋಗ್ಯ ಸಹಾಯವಾಣಿ 104ಕ್ಕೂ ಕೇಳಬಹುದು. ಇನ್ನೊಂದು, ಈ ಕಾರ್ಡು ಮುಖ್ಯವಾಗಿ ಅಡ್ಮಿಟ್ ಆದಾಗಿನ ಚಿಕಿತ್ಸೆಗೆ. ತಿಂಗಳ ಗುಳಿಗೆ ಸಾಮಾನ್ಯವಾಗಿ ನಿಮ್ಮ ಕಿಸೆಯಿಂದಲೇ. ದೊಡ್ಡ ಖರ್ಚು ಬಂದರೆ ಶಾಸಕರ ಪತ್ರ ಹಿಡಿದು ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕುವವರಿದ್ದಾರೆ, ಆಸ್ಪತ್ರೆಯ ಅಂದಾಜು ಪಟ್ಟಿ ಕೇಳಿ ತಗೊಳ್ಳಿ.

ಮೊದಲೇ ಫೋನ್ ಮಾಡಿ ‘ನಿಮ್ಮಲ್ಲಿ ಪಲ್ಮನರಿ ಹೈಪರ್‌ಟೆನ್ಷನ್ ನೋಡುವ ಡಾಕ್ಟರ್ ಯಾರು, ಯಾವ ವಾರ ಕೂರುತ್ತಾರೆ, ವಿ/ಕ್ಯೂ ಸ್ಕ್ಯಾನ್, ಬಲಭಾಗದ ಕ್ಯಾತೆಟರ್ ಎರಡೂ ಆಗುತ್ತದಾ’ ಅಂತ ಕೇಳಿ ಹೋಗಿ. ದೊಡ್ಡ ಆಸ್ಪತ್ರೆ ಅಂದಮಾತ್ರಕ್ಕೆ ಎಲ್ಲ ಹೃದಯದ ಡಾಕ್ಟರೂ ಇದನ್ನು ದಿನಾ ನೋಡುವುದಿಲ್ಲ.

ಫೈಲಿನಲ್ಲಿ ಎಲ್ಲ ಎಕೋ ತಾರೀಖಿನ ಪ್ರಕಾರ ಜೋಡಿಸಿ, ಹಳೆಯದು ಎಸೆಯಬೇಡಿ. ಸಿಟಿ ಆಗಿದ್ದರೆ ಫಿಲ್ಮು ಸಾಲದು, ಸಿಡಿ ಬೇಕು. ಈಗ ತಗೊಳ್ಳುವ ಗುಳಿಗೆಗಳ ಪಟ್ಟಿ, ಆಧಾರ್, ರೇಷನ್ ಕಾರ್ಡ್, ರೆಫರಲ್ ಚೀಟಿ. ರೈಲಿನಲ್ಲಿ ಕೆಳಗಿನ ಬರ್ತ್ ನೋಡಿ, ಪ್ಲಾಟ್‌ಫಾರ್ಮ್ ಸೇತುವೆ ಹತ್ತಿಸಬೇಡಿ, ಲಿಫ್ಟ್ ಇಲ್ಲಾ ವೀಲ್‌ಚೇರ್ ಕೇಳಿ. ಆಕ್ಸಿಜನ್ ಮೇಲೆ ಇರುವವರಾದರೆ ಪ್ರಯಾಣ ಹೇಗೆ ಅಂತ ಡಾಕ್ಟರನ್ನು ಕೇಳದೆ ಹೊರಡಬೇಡಿ.

ಮನೆಯಲ್ಲಿ

ಉಪ್ಪು. ನಮ್ಮ ಊಟದಲ್ಲಿ ರೊಟ್ಟಿಗೆ ಉಪ್ಪಿಲ್ಲ, ಆದರೆ ಪಕ್ಕದಲ್ಲಿ ಉಪ್ಪಿನಕಾಯಿ, ಶೇಂಗಾ ಹಿಂಡಿ, ಹಪ್ಪಳ, ಸಂಡಿಗೆ ಎಲ್ಲ ಇರುತ್ತದೆ. ಬಾವು ಇರುವವರಿಗೆ ಅವು ಬೇಡ. ಹಿಂಡಿಯನ್ನು ಉಪ್ಪು ಕಮ್ಮಿ ಮಾಡಿ ಬೇರೆ ಕುಟ್ಟಿ ಕೊಡಿ, ಪುಂಡಿಪಲ್ಯಕ್ಕೂ ಅಷ್ಟೇ. ದಿನಾ ಬೆಳಗ್ಗೆ ತೂಕ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ನೀರು, ಡಾಕ್ಟರಿಗೆ ಫೋನ್ ಮಾಡಿ. ಬೇಸಿಗೆಯಲ್ಲಿ ಇದೇ ಉಲ್ಟಾ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ 42, 43 ಡಿಗ್ರಿ, ಬೆವರು ಹರಿಯುತ್ತಿರುವಾಗ ಮೂತ್ರದ ಗುಳಿಗೆಯೂ ನಡೆದರೆ ಬಿಪಿ ಬಿದ್ದು ತಲೆ ಸುತ್ತಬಹುದು. ನೀರು ಎಷ್ಟು, ಆ ಗುಳಿಗೆ ಎಷ್ಟು ಅಂತ ಬೇಸಿಗೆ ಶುರುವಿಗೇ ಕೇಳಿಟ್ಟುಕೊಳ್ಳಿ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಒಂದು ಇರಲಿ. ಮನೆಯಲ್ಲಿ ಆಕ್ಸಿಜನ್ ಬರೆದಿದ್ದರೆ, ಕಾನ್ಸಂಟ್ರೇಟರ್ ಕರೆಂಟ್ ಮೇಲೆ ನಡೆಯುವುದು, ಕರೆಂಟ್ ಹೋದ ಹೊತ್ತಿಗೆ ಒಂದು ಸಿಲಿಂಡರ್ ಬೇಕೇ ಬೇಕು. ಕಟ್ಟಿಗೆ ಒಲೆ ಬಿಡಿ. ಫ್ಲೂ, ನ್ಯುಮೋನಿಯಾ ಲಸಿಕೆ ಹಾಕಿಸಿ. ಮೊಣಕಾಲು ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ಥರದ ಗುಳಿಗೆ ತಂದು ನುಂಗಬೇಡಿ, ನೀರು ನಿಲ್ಲಿಸುತ್ತವೆ.

ಸುಸ್ತಾಗದಷ್ಟು ನಡೆಯುವುದು ಒಳ್ಳೆಯದು, ಹಾಸಿಗೆ ಹಿಡಿಸಬೇಡಿ. ಉಸಿರು ಕಟ್ಟುವಂಥದ್ದು ಮಾತ್ರ ಬೇಡ. ಯಾದಗಿರಿ ಕೋಟೆ ಹತ್ತುವುದು ಬೇಡ. ಬೀದರ್‌ನ ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಿನಲ್ಲಿ, ಗಾಳಿ ಆಡದ ಗುಹೆಯೊಳಗೆ ನಡೆದು ಹೋಗಬೇಕು. ಹರಕೆ ಇದ್ದರೆ ಮನೆಯಲ್ಲಿ ಬೇರೆ ಯಾರಾದರೂ ತೀರಿಸಲಿ.

ಮದುವೆಯಾದ ಹೆಣ್ಣುಮಗಳಿಗೆ ಪಿಎಎಚ್ ಇದ್ದರೆ ಬಸಿರು ಜೀವಕ್ಕೆ ದೊಡ್ಡ ಅಪಾಯ, ಡಾಕ್ಟರುಗಳು ಬೇಡ ಅಂತಲೇ ಹೇಳುತ್ತಾರೆ. ಬೋಸೆಂಟಾನ್ ಜಾತಿಯ ಗುಳಿಗೆಗಳು ಹೊಟ್ಟೆಯ ಕೂಸಿಗೂ ಕೆಡುಕು. ಬೋಸೆಂಟಾನ್ ಇದ್ದಾಗ ಗರ್ಭ ತಡೆಯುವ ಹಾರ್ಮೋನ್ ಗುಳಿಗೆಯ ಕೆಲಸವೂ ಕಡಿಮೆ ಆಗುತ್ತದೆ, ಬೇರೆ ದಾರಿ ಕೇಳಿಕೊಳ್ಳಬೇಕು. ಈ ಮಾತನ್ನು ಆಕೆ ಒಬ್ಬಳಿಗೇ ಹೇಳಿ ಕಳಿಸಿದರೆ ಪ್ರಯೋಜನ ಇಲ್ಲ. ಗಂಡನನ್ನೂ, ಸಾಧ್ಯವಾದರೆ ಅತ್ತೆಯನ್ನೂ ಡಾಕ್ಟರ ಮುಂದೆ ಕೂರಿಸಿ, ಅವರ ಬಾಯಿಂದಲೇ ಹೇಳಿಸಿ. ಆಗಲೇ ಬಸಿರಾಗಿದ್ದರೆ ಒಂದು ದಿನವೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ.

ಪ್ರಜ್ಞೆ ತಪ್ಪಿದರೆ, ಕೂತಲ್ಲೇ ದಮ್ಮು ಬಂದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ಎದೆ ನೋವು ಬಂದರೆ, ಆಕ್ಸಿಜನ್ ಯಾವತ್ತಿನದಕ್ಕಿಂತ ತೀರಾ ಕೆಳಗಿಳಿದರೆ 108. ಎಲ್ಲ ಸರಿಯಿದ್ದರೂ ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸಬೇಕು. ಹಲ್ಲು, ಹರ್ನಿಯಾ, ಗರ್ಭಕೋಶ, ಯಾವ ಸಣ್ಣ ಆಪರೇಷನ್ ಆದರೂ ಸರಿ, ಅನಸ್ತೇಸಿಯಾ ಕೊಡುವ ಡಾಕ್ಟರಿಗೆ ಪಿಎಚ್ ಇದೆ ಅಂತ ಮೊದಲೇ ಹೇಳಿ. ನಿಮ್ಮ ಪಿಎಚ್ ಡಾಕ್ಟರನ್ನು ಕೇಳದೆ ದಿನಾಂಕ ಒಪ್ಪಿಕೊಳ್ಳಬೇಡಿ.